ಸಾಯದ ಹುಳ, ಬೆಳೆಯದ ಹುಳ: ಒಂದು ಕೋಸಿನ ತೋಟದ ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ಎಕರೆ ಎಲೆಕೋಸಿನ ತೋಟದ ಪ್ರಕರಣ. ಊರು, ವರ್ಷ, ರೈತರ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಅವರನ್ನು ನಾರಾಯಣಪ್ಪ ಅಂತ ಕರೆಯುತ್ತೇನೆ. ಅದು ಅವರ ಹೆಸರಲ್ಲ. ನಾನು ಆಗ ಆ ಸುತ್ತಿನ ತರಕಾರಿ ಬೆಳೆಗಾರರ ಒಂದು ಗುಂಪಿಗೆ ಸಲಹೆ ಕೊಡುತ್ತಿದ್ದೆ. ಈ ಪ್ರಕರಣದಲ್ಲಿ ಎರಡು ತಪ್ಪುಗಳಿವೆ. ಒಂದು ಅವರದು, ಒಂದು ನನ್ನದು. ಎರಡಕ್ಕೂ ಕಾರಣ ಒಂದೇ ವೈರಸ್. ಅದು ಅವರನ್ನು ಒಂದು ಕಡೆಗೆ ದಾರಿ ತಪ್ಪಿಸಿತು, ನನ್ನನ್ನು ಸರಿಯಾಗಿ ಅದರ ಎದುರು ದಿಕ್ಕಿಗೆ.

ಹಿನ್ನೆಲೆ

ಕೋಸು ಬೆಳೆದವರಿಗೆ ವಜ್ರಬೆನ್ನಿನ ಪತಂಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳೆದಾಗ ಒಂದು ಸೆಂಟಿಮೀಟರಿನಷ್ಟು ಉದ್ದದ ಹಸಿರು ಹುಳ. ಮುಟ್ಟಿದರೆ ವಿಲವಿಲ ಒದ್ದಾಡಿ, ನೂಲು ಬಿಟ್ಟುಕೊಂಡು ಎಲೆಯಿಂದ ಕೆಳಕ್ಕೆ ಜೋತು ಬೀಳುತ್ತದೆ. ಎಲೆಯನ್ನು ಅಡಿಯಿಂದ ಮೇಯ್ದು ಮೇಲಿನ ಪೊರೆ ಮಾತ್ರ ಬಿಡುತ್ತದೆ. ಬಿಸಿಲಿಗೆ ಹಿಡಿದರೆ ಎಲೆ ತುಂಬ ಪುಟ್ಟ ಪುಟ್ಟ ಕಿಟಕಿಗಳು. ಔಷಧಿಗೆ ಬಗ್ಗದಿರುವುದರಲ್ಲಿ ಇದು ಹಳೆಯ ಕುಳ. 1953ರಲ್ಲೇ ಜಾವಾದಲ್ಲಿ ಡಿಡಿಟಿ ಇದಕ್ಕೆ ನಾಟದಂತಾಗಿತ್ತು. ಹುಳ ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿ ಸಿಂಪಡಣೆಗೆ ಹೊಲದಲ್ಲಿ ಮೊದಲು ನಿರೋಧ ಬೆಳೆಸಿಕೊಂಡ ಕೀಟವೂ ಇದೇ.

ಹಿಂದಿನ ಬೇಸಿಗೆಯಲ್ಲಿ ನಾರಾಯಣಪ್ಪ ನಾಲ್ಕೈದು ದಿನಕ್ಕೊಮ್ಮೆ ಔಷಧಿ ಹೊಡೆದಿದ್ದರು. ಎರಡೆರಡು ಬೆರೆಸಿಯೂ ಹೊಡೆದಿದ್ದರು. ಕೋಸಿನಿಂದ ಬಂದ ದುಡ್ಡು ಔಷಧಿ ಅಂಗಡಿಯ ಬಾಕಿಗೆ ಸರಿಹೋಗಿತ್ತು. ಅದಕ್ಕೇ ಈ ಸಲ ನನ್ನ ಮಾತಿಗೆ ಒಪ್ಪಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ಹೇಳಿಕೊಟ್ಟ ಪದ್ಧತಿ ಅದು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲು ನಾಟಿಗೆ 15 ದಿನ ಮೊದಲು, ಇನ್ನೊಂದು ನಾಟಿಯಾದ 25 ದಿನಕ್ಕೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಮೇಲೆ ಆಸೆ ಜಾಸ್ತಿ, ಮೊಟ್ಟೆ ಅಲ್ಲಿಡುತ್ತದೆ. ಜೊತೆಗೆ ಬೇವಿನ ಬೀಜದ ಕಷಾಯ. ಕಟು ಔಷಧಿ ಬಂದ್.

ಈ ಹುಳದ ಶತ್ರುವಾದ, ಕಡಜದ ಬಳಗದ ಕಣಜವನ್ನು ನಾವು ತಂದು ಬಿಡಲಿಲ್ಲ. ಔಷಧಿ ನಿಂತ ಮೇಲೆ ತಾನಾಗೇ ಬಂತು. ಕೊಟೇಸಿಯಾ ವೆಸ್ಟಾಲಿಸ್ ಅಂತ ಅದರ ಹೆಸರು. ಮೂರು ಮಿಲಿಮೀಟರಿನ ಕರಿ ಕಣಜ. ನೋಡಿದವರು ನೊರಜು ಅಂದುಕೊಳ್ಳುತ್ತಾರೆ. ಇದು ಎಳೆ ಹುಳವನ್ನು ಹುಡುಕಿ, ಚುಚ್ಚಿ, ಅದರ ಹೊಟ್ಟೆಯೊಳಗೆ ಒಂದು ಮೊಟ್ಟೆ ಇಡುತ್ತದೆ. ಮರಿ ಒಳಗೇ ಬೆಳೆದು, ಸುಮಾರು ಒಂದು ವಾರಕ್ಕೆ ಹುಳದ ಪಕ್ಕೆ ಕೊರೆದು ಹೊರಗೆ ಬಂದು, ಬಿಳಿ ಗೂಡು ಕಟ್ಟುತ್ತದೆ. ಎಲೆಯ ಅಡಿಯಲ್ಲಿ ಅಕ್ಕಿ ನುಚ್ಚು ಅಂಟಿಸಿದ ಹಾಗೆ ಕಾಣುತ್ತದೆ. ನಾಟಿಯಾಗಿ ಒಂದು ತಿಂಗಳಿಗೆ ಆ ನುಚ್ಚು ನಮ್ಮ ಕಣ್ಣಿಗೆ ಬಿತ್ತು. ನಾನು ಖುಷಿಯಿಂದ ತೋರಿಸಿದೆ. ಕಣಜ ಹುಳವನ್ನು ಚುಚ್ಚುವುದನ್ನೂ ನಾರಾಯಣಪ್ಪ ಕಣ್ಣಾರೆ ನೋಡಿದರು. ನಾನು ಅವತ್ತು ಹೇಳಿದ್ದು ಒಂದೇ ಮಾತು: "ಇದು ಚುಚ್ಚಿತು ಅಂದ್ರೆ ಹುಳದ ಕಥೆ ಮುಗೀತು."

ಮಾತು ಸುಳ್ಳಲ್ಲ. ಆದರೆ ಅರ್ಧ.

ಆ ಬೆಳಿಗ್ಗೆ

ಐದನೇ ದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. "ಸಾರ್, ನಿಮ್ ಕರಿ ನೊಣ ಚುಚ್ಚಿ ನಾಕು ದಿನ ಆಯ್ತು. ಹುಳ ಸಾಯ್ಲಿಲ್ಲ. ಮೇಯ್ತಾನೇ ಐತೆ. ನಮ್ ಬಾಮೈದ ಬಂದವ್ನೆ, ಡ್ರಮ್ಮಿಗೆ ಔಸ್ದಿ ಕಲಸವ್ನೆ."

ನಾನು ಹೋಗುವಷ್ಟರಲ್ಲಿ ಬೋರ್‌ವೆಲ್ ಕಡೆಯ ಅರ್ಧ ಎಕರೆಗೆ ಹೊಡೆದಾಗಿತ್ತು. ನಡುವಿನ ಕಾಲುವೆಯ ಈಚೆ ಇನ್ನರ್ಧ ಉಳಿದಿತ್ತು. ಬಾಮೈದ ಕ್ಯಾನನ್ನು ಬೆನ್ನಿಂದ ಇಳಿಸಲೇ ಇಲ್ಲ. ಅವನ ವಾದವೂ ಸರಿಯಾಗೇ ಇತ್ತು. ಗಿಡ ಗಡ್ಡೆ ಕಟ್ಟುವ ಹೊತ್ತು. ಈಗ ಹುಳ ಒಳಗೆ ಸೇರಿದರೆ ಮಂಡಿಯಲ್ಲಿ ಕೇಳುವವರಿಲ್ಲ.

ಗಿಡ ನೋಡಿದೆ. ಹುಳ ಇದ್ದವು. ಜೀವಂತ. ಮುಟ್ಟಿದರೆ ಒದ್ದಾಡುತ್ತಿದ್ದವು, ನೂಲು ಬಿಡುತ್ತಿದ್ದವು, ಮತ್ತೆ ಹತ್ತಿ ಬಂದು ಮೇಯುತ್ತಿದ್ದವು. ಚುಚ್ಚಿಸಿಕೊಂಡ ಹುಳಕ್ಕೂ ಚುಚ್ಚಿಸಿಕೊಳ್ಳದ ಹುಳಕ್ಕೂ ಹೊರಗಿನಿಂದ ವ್ಯತ್ಯಾಸವೇ ಇಲ್ಲ. ನನ್ನಲ್ಲೂ ಅನುಮಾನ ಹುಟ್ಟಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಕಾಲುವೆ ಬದಿಯಲ್ಲಿ ನಿಂತು ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಒಂದು ಒಪ್ಪಂದವಾಯಿತು. ಉಳಿದ ಅರ್ಧಕ್ಕೆ ಮೂರು ದಿನ ಯಾರೂ ಕೈ ಹಾಕುವುದಿಲ್ಲ. ಅಲ್ಲಿಂದ 20 ಹುಳ ಹಿಡಿದು ಡಬ್ಬಿಯಲ್ಲಿಟ್ಟು ನೋಡುವುದು. ಹುಳದಿಂದ ಕಣಜದ ಮರಿ ಬರದೆ, ಅದು ಪತಂಗವಾಗಲು ಕೋಶ ಕಟ್ಟಿದರೆ ನಾನೇ ನಿಂತು ಔಷಧಿ ಹೊಡೆಸುತ್ತೇನೆ. ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ನನ್ನ ವಾದ ಗೆದ್ದಿದ್ದರಿಂದ ಅಲ್ಲ. ವಾದ ಬಿಟ್ಟು ನೋಡೋಣ ಅಂದಿದ್ದರಿಂದ.

ಡಬ್ಬಿ

ಮೂರು ಟಿಫಿನ್ ಡಬ್ಬಿ. ತಳಕ್ಕೆ ಪೇಪರ್, ಮೇಲೆ ಎಳೆ ಕೋಸಿನ ಎಲೆ, ಬಾಯಿಗೆ ಹಳೇ ಪಂಚೆ ತುಂಡು, ರಬ್ಬರ್ ಬ್ಯಾಂಡ್. ನನ್ನ ಹೆಂಡತಿ ಡಬ್ಬಿಗಳನ್ನು ನೋಡಿ, ಇವು ಮತ್ತೆ ಅಡುಗೆಮನೆಗೆ ಬರಕೂಡದು ಅಂದಳು. ಬರಲೂ ಇಲ್ಲ.

ಒಂದೂವರೆ ದಿನದಲ್ಲಿ ಐದು ಹುಳ ಬಲೆಯಂಥ ತೆಳು ಗೂಡು ಕಟ್ಟಿ ಪತಂಗದ ಕೋಶವಾದವು. ಎದೆ ಧಸಕ್ಕೆಂದಿತು. ಉಳಿದವು ಸುಮ್ನೆ ಕೂತಿದ್ದವು. ಮೇಯುತ್ತಿದ್ದವು, ಆದರೆ ಕಡಿಮೆ. ಕೋಶ ಕಟ್ಟುವ ಲಕ್ಷಣ ಇಲ್ಲ.

ಎರಡನೇ ರಾತ್ರಿ ಹತ್ತರ ಹೊತ್ತಿಗೆ ಭೂತಗನ್ನಡಿ ಹಿಡಿದು ಕೂತಿದ್ದೆ. ಒಂದು ಹುಳ ಎಲೆಯ ನಡುನರಕ್ಕೆ ಒರಗಿ ಅಲ್ಲಾಡದೆ ನಿಂತಿತ್ತು. ಅದರ ಹಿಂಭಾಗದ ಪಕ್ಕೆ ಉಬ್ಬಿತು, ತಗ್ಗಿತು. ಮತ್ತೆ ಉಬ್ಬಿತು. ಅಲ್ಲಿ ಚರ್ಮ ಸೀಳಿ ಬೆಣ್ಣೆ ಬಣ್ಣದ ಒಂದು ತಲೆ ಹೊರಗೆ ಬಂತು. ಕಾಲಿಲ್ಲದ ಮರಿ, ಬೊಂಬೆಯ ಹಾಗೆ ಬಾಗಿ ಏಳುತ್ತಾ, ಹೊರಗೆ ಬರುತ್ತಾ ಬರುತ್ತಾ ಬಾಯಿಂದ ಎಳೆ ತೆಗೆದು ಅಕ್ಕಪಕ್ಕ ಅಂಟಿಸುತ್ತಿತ್ತು. ಹುಳ ಇನ್ನೂ ಸತ್ತಿರಲಿಲ್ಲ. ತಲೆ ಎತ್ತಿ ಆಚೀಚೆ ಆಡಿಸಿತು. ಬೆಳಗಾಗುವಷ್ಟರಲ್ಲಿ ಅದರ ಪಕ್ಕದಲ್ಲಿ ಬಿಳಿ ನುಚ್ಚು ಅಂಟಿತ್ತು. ಹುಳ ಖಾಲಿ ಚೀಲವಾಗಿತ್ತು.

ಮೂರು ದಿನ ಮುಗಿದಾಗ ಲೆಕ್ಕ: 20ರಲ್ಲಿ 12 ಬಿಳಿ ಗೂಡು, 5 ಪತಂಗದ ಕೋಶ, 3 ಹುಳ ಕೊಳೆತು ಸತ್ತಿದ್ದವು. ಡಬ್ಬಿಗಳನ್ನು ನಾರಾಯಣಪ್ಪನವರ ಮುಂದಿಟ್ಟೆ. ನೂರಕ್ಕೆ 60 ಹುಳ ಕಣಜದ ಪಾಲು ಅಂತ ಎದೆಯುಬ್ಬಿಸಿ ಹೇಳಿದೆ. ನನ್ನ ತಪ್ಪು ಇದು. ಅದರ ವಿಷಯ ಆಮೇಲೆ.

ಒಳಗೆ ಏನಾಗುತ್ತದೆ

ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಕಲಿಸುವ ಗೆಳತಿಯೊಬ್ಬಳಿದ್ದಾಳೆ. ಅದೇ ತೋಟದಿಂದ ಇನ್ನಷ್ಟು ಹುಳ ಹಿಡಿದು ಅವಳಲ್ಲಿಗೆ ಒಯ್ದೆ. ಅವಳು ಒಂದನ್ನು ಉಪ್ಪುನೀರಿನ ಹನಿಯಲ್ಲಿಟ್ಟು ಸೂಜಿಯಿಂದ ಬಿಡಿಸಿ, ಮೈಕ್ರೋಸ್ಕೋಪಿಗೆ ನನ್ನ ಕಣ್ಣು ಇಡಿಸಿದಳು. ಗಾಜಿನಂಥ ಒಂದು ಮರಿ, ಬಾಲದ ತುದಿಯಲ್ಲಿ ಗುಳ್ಳೆ. ಸುತ್ತ ದಪ್ಪ ದಪ್ಪ ಗುಂಡು ಜೀವಕೋಶಗಳು ತೇಲುತ್ತಿದ್ದವು. "ಇಲ್ಲಿ ಏನು ಕಾಣಿಸ್ತಿಲ್ಲ ಹೇಳು" ಅಂದಳು. ನನಗೆ ತಿಳಿಯಲಿಲ್ಲ. "ಕಪ್ಪು."

ಹುಳದ ಮೈಯೊಳಗೆ ಪರರ ವಸ್ತು ಏನೇ ಬಂದರೂ ಅದರ ರಕ್ತಕಣಗಳು ಮುತ್ತಿಕೊಳ್ಳುತ್ತವೆ. ಪದರ ಪದರವಾಗಿ ಅಂಟಿ, ಚಿಪ್ಪಿನ ಹಾಗೆ ಗಟ್ಟಿಯಾಗಿ, ಕಪ್ಪಾಗುತ್ತವೆ. ಒಳಗಿದ್ದದ್ದು ಉಸಿರುಗಟ್ಟಿ ಸಾಯುತ್ತದೆ. ಕಣಜದ ಮೊಟ್ಟೆಗೂ ಅದೇ ಗತಿ ಬರಬೇಕಿತ್ತು. ಬರುವುದಿಲ್ಲ. ಯಾಕೆಂದರೆ ಕಣಜ ಮೊಟ್ಟೆಯೊಂದನ್ನೇ ಇಡುವುದಿಲ್ಲ. ಅದರ ಜೊತೆ ಅಂಡಾಶಯದ ರಸವನ್ನೂ ಬಿಡುತ್ತದೆ. ಆ ರಸದ ತುಂಬ ವೈರಸ್ ಕಣಗಳು.

ಇದು ಗೊತ್ತಾದ ಬಗೆ ನನಗೆ ಬಹಳ ಇಷ್ಟ. ಅಮೆರಿಕ ಮತ್ತು ಕೆನಡಾದ ಸಂಶೋಧಕರು ಬೇರೊಂದು ಕಣಜದ ಮೊಟ್ಟೆಗಳನ್ನು ತೆಗೆದು, ರಸವೆಲ್ಲ ಹೋಗುವಂತೆ ತೊಳೆದು, ತಂಬಾಕಿನ ಮೊಗ್ಗು ಕೊರೆಯುವ ಹುಳಕ್ಕೆ ಚುಚ್ಚಿದರು. ನಮ್ಮ ಕಾಯಿಕೊರಕನ ದಾಯಾದಿ ಅದು. ತೊಳೆದ ಮೊಟ್ಟೆಗಳನ್ನು ಹುಳದ ರಕ್ತಕಣಗಳು ಮುತ್ತಿ ಮುಗಿಸಿದವು. ಮೊಟ್ಟೆಯ ಜೊತೆ ಶುದ್ಧ ಮಾಡಿದ ವೈರಸ್ ಸೇರಿಸಿ ಚುಚ್ಚಿದಾಗ ಮೊಟ್ಟೆಗಳು ಉಳಿದವು. ವೈರಸ್ಸನ್ನು ನಿಷ್ಕ್ರಿಯ ಮಾಡಿ ಸೇರಿಸಿದರೆ ಮತ್ತೆ ಸತ್ತವು. 1981ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿಯವರೆಗೆ ವೈರಸ್ ಅಂದರೆ ರೋಗ. ಇಲ್ಲಿ ವೈರಸ್ ಒಬ್ಬರಿಗೆ ರೋಗ, ಇನ್ನೊಬ್ಬರಿಗೆ ಆಯುಧ.

ಕೊಟೇಸಿಯಾದ ಬಳಗದ ವೈರಸ್ಸಿಗೆ ಬ್ರಾಕೋವೈರಸ್ ಅನ್ನುತ್ತಾರೆ. ಇದರ ಕಥೆ ಇನ್ನೂ ವಿಚಿತ್ರ. ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದು ವೈರಸ್ ಈ ಕಣಜಗಳ ಪೂರ್ವಜರೊಬ್ಬರ ವರ್ಣತಂತುಗಳಲ್ಲಿ ಸೇರಿಕೊಂಡಿತು. ಮತ್ತೆ ಹೊರಗೆ ಹೋಗಲೇ ಇಲ್ಲ. ಪೀಳಿಗೆಯಿಂದ ಪೀಳಿಗೆಗೆ ಬೇರೆಲ್ಲ ವಂಶವಾಹಿಗಳ ಜೊತೆಗೇ ಇಳಿದು ಬಂತು. ಅದು ನ್ಯೂಡಿವೈರಸ್ ಎಂಬ ಗುಂಪಿಗೆ ಸೇರಿದ್ದು ಅಂತ 2009ರಲ್ಲಿ ಖಚಿತವಾಯಿತು. ಕಣ ಕಟ್ಟುವ ಕೆಲಸ ಹೆಣ್ಣು ಕಣಜದ ಅಂಡಾಶಯದ ಒಂದು ಸಣ್ಣ ಭಾಗದಲ್ಲಿ ಮಾತ್ರ ನಡೆಯುತ್ತದೆ. ಕಣದೊಳಗೆ ತುಂಬುವುದು ಉಂಗುರ ಉಂಗುರವಾದ ಡಿಎನ್‌ಎ ತುಣುಕುಗಳು. ಕೊಟೇಸಿಯಾ ಕುಲದ ಇನ್ನೊಂದು ಜಾತಿಯಲ್ಲಿ ಅಂಥ 30ಕ್ಕೂ ಹೆಚ್ಚು ಉಂಗುರ ಎಣಿಸಿದ್ದಾರೆ. ಅದರಲ್ಲಿ ಹುಳವನ್ನು ಹಾಳು ಮಾಡುವ ಸರಂಜಾಮು ಇದೆ, ವೈರಸ್ಸನ್ನೇ ಮತ್ತೆ ಹುಟ್ಟಿಸುವ ಸರಂಜಾಮು ಇಲ್ಲ. ಹಾಗಾಗಿ ಹುಳದೊಳಗೆ ವೈರಸ್ ಹೆಚ್ಚುವುದೇ ಇಲ್ಲ. ಕೊಟ್ಟ ಕೆಲಸ ಮಾಡಿ ಮುಗಿಯುತ್ತದೆ.

ಇದನ್ನು ನಾರಾಯಣಪ್ಪನವರಿಗೆ ಹೇಳಿದಾಗ ಅವರು ಬಾಮೈದನ ಕಡೆ ನೋಡಿ ನಕ್ಕರು. "ಅಂದ್ರೆ ಮನೆ ಅಳಿಯ ಆಗ್ಬುಟ್ಟದೆ ಅನ್ನಿ. ಅವ್ರ ಮನೆ ಕೆಲ್ಸಾನೇ ಮಾಡ್ಕಂಡು." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ವೈರಸ್ ಹುಳದೊಳಗೆ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ರಕ್ತಕಣಗಳಿಗೆ ಅಂಟುವ, ಹರಡುವ ಶಕ್ತಿ ಇಲ್ಲದಂತೆ ಮಾಡುವುದು. ಕಾವಲುಗಾರ ಇದ್ದಾನೆ, ಕೈ ಏಳುವುದಿಲ್ಲ. ಎರಡನೆಯದೇ ನಮ್ಮ ಪ್ರಕರಣದ ತಿರುಳು. ಹುಳದ ಬೆಳವಣಿಗೆಯನ್ನು ತಡೆದು ನಿಲ್ಲಿಸುವುದು. ಹುಳ ಕೋಶವಾಗಿಬಿಟ್ಟರೆ ಒಳಗಿನ ಕಣಜದ ಮರಿಗೆ ಉಳಿಗಾಲವಿಲ್ಲ. ಪೊರೆ ಕಳಚಿಸುವ ಹಾರ್ಮೋನನ್ನು ಗುರುತಿಸುವ ಗ್ರಾಹಿ ಹುಳದ ಜೀವಕೋಶಗಳಲ್ಲಿರುತ್ತದೆ. ಆ ಗ್ರಾಹಿಯನ್ನೇ ಕಣಜದ ಕಡೆಯವರು ಕಡಿಮೆ ಮಾಡಿಸುತ್ತಾರೆ ಅಂತ 2018ರಲ್ಲಿ ಚೀನಾದ ಸಂಶೋಧಕರು ಇದೇ ಜೋಡಿಯಲ್ಲಿ, ಕೊಟೇಸಿಯಾ ವೆಸ್ಟಾಲಿಸ್ ಮತ್ತು ವಜ್ರಬೆನ್ನಿನ ಪತಂಗದಲ್ಲಿ, ತೋರಿಸಿದರು. ಸ್ವಲ್ಪ ಕೆಲಸ ವೈರಸ್ಸಿನದು. ಸ್ವಲ್ಪ ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದ ಆ ಗುಂಡು ಜೀವಕೋಶಗಳದು. ಅವು ಕಣಜದ ಮೊಟ್ಟೆಯ ಪೊರೆಯಿಂದಲೇ ಬಿಡಿಯಾದವು. ಶಾಲೆಯ ಗಂಟೆ ಹೊಡೆಯುತ್ತಲೇ ಇರುತ್ತದೆ, ಕೇಳುವ ಕಿವಿ ಇಲ್ಲ.

ಹಾಗಾಗಿ ನಾರಾಯಣಪ್ಪ ನೋಡಿದ್ದು ಸರಿ. ಹುಳ ಸತ್ತಿರಲಿಲ್ಲ. ಸಾಯಬಾರದು. ಕಣಜಕ್ಕೆ ಬೇಕಾಗಿರುವುದು ಜೀವಂತ ಬುತ್ತಿ. ಬೇಗ ಸತ್ತಿದ್ದರೆ ಮರಿಯೂ ಸಾಯುತ್ತಿತ್ತು. ಅವರು ಸೋಲು ಅಂದುಕೊಂಡಿದ್ದು ಕಣಜದ ಗೆಲುವಿನ ಗುರುತು. ಅವರಿಗೆ ಅದನ್ನು ಮೊದಲೇ ಹೇಳದಿದ್ದದ್ದು ನಾನು. "ಕಥೆ ಮುಗೀತು" ಅಂದರೆ ಯಾರಾದರೂ ಸಾವನ್ನೇ ಕಾಯುತ್ತಾರೆ ಅಲ್ವಾ.

ನನ್ನ ಲೆಕ್ಕ

ಔಷಧಿ ಹೊಡೆದ ಅರ್ಧ ಒಂದು ವಾರ ಸ್ವಚ್ಛವಾಗಿತ್ತು. ಬಾಮೈದ ಮೀಸೆ ತಿರುವಿದ. ಹತ್ತನೇ ದಿನಕ್ಕೆ ಎಳೆ ಹುಳ ಮತ್ತೆ ಬಂದವು. ಅಲ್ಲಿ ಹುಡುಕಿದರೂ ಬಿಳಿ ನುಚ್ಚು ಅಪರೂಪ. ಔಷಧಿ ಕಣಜವನ್ನು ಕೊಂದಿತ್ತು, ಹುಳದ ಜೊತೆ ಒಳಗಿದ್ದ ಮರಿಯನ್ನೂ ಕೊಂದಿತ್ತು. ಆ ಭಾಗಕ್ಕೆ ಕಟಾವಿನವರೆಗೆ ಇನ್ನೆರಡು ಸಲ ಹೊಡೆಯಬೇಕಾಯಿತು.

ಆದರೆ ಉಳಿಸಿದ ಅರ್ಧದಲ್ಲೂ ಎಳೆ ಹುಳ ಬಂದವು. ನಾನು ನೂರಕ್ಕೆ 60 ಅಂದಿದ್ದೆ. ಆ ಲೆಕ್ಕಕ್ಕೆ ಬಂದದ್ದು ಬಹಳ ಜಾಸ್ತಿ. ನಾರಾಯಣಪ್ಪ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಅದು ಬೈಗುಳಕ್ಕಿಂತ ಕಷ್ಟ.

ಗೆಳತಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಹುಳ ಹಿಡಿದೆ?" ಸಿಕ್ಕಿದ ದೊಡ್ಡ ಹುಳ ಹಿಡಿದೆ ಅಂದೆ. "ಕೋಲಾರ ಬಸ್ ಸ್ಟ್ಯಾಂಡಿಗೆ ಹೋಗಿ ಕಾಯ್ತಾ ಕೂತವರನ್ನ ಎಣಿಸು" ಅಂದಳು. "ಬೆಂಗಳೂರಿಗೆ ಹೋಗೋರು ಐದು ನಿಮಿಷಕ್ಕೆ ಬಸ್ ಹತ್ತಿ ಹೋಗಿರ್ತಾರೆ. ಹಳ್ಳಿ ಬಸ್ಸಿಗೆ ಕಾಯೋರು ಗಂಟೆಗಟ್ಟಲೆ ಕೂತಿರ್ತಾರೆ. ನೀನು ಯಾವಾಗ ಹೋಗಿ ಎಣಿಸಿದರೂ ಊರೆಲ್ಲ ಹಳ್ಳಿಗೇ ಹೊರಟಿದೆ ಅನ್ಸುತ್ತೆ."

ಆಗ ಹೊಳೆಯಿತು. ಆರೋಗ್ಯವಾಗಿದ್ದ ಹುಳಗಳು ಬೇಗ ಬೆಳೆದು, ಕೋಶವಾಗಿ, ಹುಳಗಳ ಸಾಲಿನಿಂದ ಆಗಲೇ ಹೊರಟುಹೋಗಿದ್ದವು. ಚುಚ್ಚಿಸಿಕೊಂಡವನ್ನು ವೈರಸ್ ಹುಳವಾಗಿಯೇ ತಡೆದಿಟ್ಟಿತ್ತು. ಎಲೆಯ ಮೇಲೆ ಉಳಿದವುಗಳಲ್ಲಿ ಅವೇ ಜಾಸ್ತಿ. ನಾನು ಹಿಡಿದ 20ರಲ್ಲಿ 12 ನಿಜ, ಆದರೆ ಅದು ಆ ಪೀಳಿಗೆಯ ಲೆಕ್ಕ ಅಲ್ಲ. ಹುಳ ಬದುಕಿದೆ ಅಂತ ನಾರಾಯಣಪ್ಪ ಕಣಜ ಸೋತಿತು ಅಂದುಕೊಂಡರು. ಅದೇ ಹುಳ ಬಹಳ ದಿನ ಬದುಕಿದ್ದರಿಂದ ನಾನು ಕಣಜ ನಿಜಕ್ಕಿಂತ ಬಹಳ ಹೆಚ್ಚು ಗೆದ್ದಿತು ಅಂದುಕೊಂಡೆ.

ಆಮೇಲೆ ಲೆಕ್ಕದ ಬಗೆ ಬದಲಾಯಿಸಿದೆವು. ಮೂರು ದಿನಕ್ಕೊಮ್ಮೆ, ಸಣ್ಣದು ದೊಡ್ಡದು ಅಂತ ಆರಿಸದೆ, ಗುರುತು ಮಾಡಿದ ಗಿಡಗಳ ಹುಳವನ್ನೆಲ್ಲ ಹಿಡಿದು ಡಬ್ಬಿಗೆ ಹಾಕುವುದು. ಅದೇ ಗಿಡಗಳಲ್ಲಿರುವ ಪತಂಗದ ಕೋಶಗಳನ್ನೂ ಎಣಿಸುವುದು. ಹೀಗೆ ನೋಡಿದಾಗ ಕಣಜದ ಪಾಲು ಮೂರರಲ್ಲಿ ಒಂದರ ಹತ್ತಿರ ಬಂತು. ಇದೂ ಕರಾರುವಾಕ್ಕಲ್ಲ. ಆದರೆ ಈ ಲೆಕ್ಕದ ಮೇಲೆ ತೀರ್ಮಾನ ಬೇರೆ ಆಯಿತು: ಕಣಜವನ್ನೇ ನಂಬಿ ಕೂರುವ ಹಾಗಿಲ್ಲ. ಸಂಜೆ ಹೊತ್ತು ಬೇವಿನ ಕಷಾಯ ಎರಡು ಸಲ, ಸಾಸಿವೆ ಸಾಲಿನಲ್ಲಿ ಹುಳ ತುಂಬಿದ ಗಿಡಗಳನ್ನು ಕಿತ್ತು ಮುಚ್ಚುವುದು. ಬಿಟಿ ಹೊಡೆಯೋಣವೇ ಅಂತಲೂ ಯೋಚಿಸಿದೆವು. ಕಣಜಕ್ಕೆ ನೇರ ಕೇಡಿಲ್ಲ ನಿಜ. ಆದರೆ ಮರಿ ಹೊತ್ತ ಹುಳ ಬಿಟಿಯಿಂದ ಸತ್ತರೆ ಮರಿಯೂ ಅದರ ಜೊತೆ ಹೋಗುತ್ತದೆ. ಡಬ್ಬಿಯಲ್ಲಿ ಮರಿಗಳು ಹೊರಗೆ ಬರುವ ಹೊತ್ತು ಅದು. ತಡೆದೆವು.

ಕೊನೆಗೆ ಎರಡೂ ಅರ್ಧದ ಕೋಸು ಮಂಡಿಗೆ ಹೋಯಿತು. ಉಳಿಸಿದ ಅರ್ಧದ್ದಕ್ಕೆ ಹೊರಗಿನ ಎರಡು ಎಲೆ ಜಾಸ್ತಿ ಸುಲಿಯಬೇಕಾಯಿತು. ರೇಟು ಎರಡಕ್ಕೂ ಒಂದೇ. ವ್ಯತ್ಯಾಸ ಕಂಡಿದ್ದು ಔಷಧಿ ಅಂಗಡಿಯ ಚೀಟಿಯಲ್ಲಿ. ಒಂದು ತೋಟ, ಒಂದು ಬೆಳೆ, ಪಕ್ಕದ ಹೊಲದ ಗಾಳಿ. ಇದರಿಂದ ಎಲ್ಲ ಕಡೆ ಹೀಗೇ ಅಂತ ಹೇಳಲಾಗದು. ಕಣಜ ಇರುವ ತೋಟದಲ್ಲಿ ಹುಳ ಜೀವಂತ ಇದೆಯೇ ಅಂತ ನೋಡಿ ಔಷಧಿ ಕಲಸುವುದನ್ನಂತೂ ಆ ಗುಂಪಿನವರು ಬಿಟ್ಟರು. ಡಬ್ಬಿ ಇಟ್ಟು ನೋಡುತ್ತಾರೆ.

ಮುಂದಿನ ಬೆಳೆಯಲ್ಲಿ ನಾರಾಯಣಪ್ಪ ನನ್ನನ್ನು ಕರೆಯಲೇ ಇಲ್ಲ. ಪಂಪ್ ಮನೆಯ ಗೂಡಿನಲ್ಲಿ ಅವರದೇ ಡಬ್ಬಿಗಳಿದ್ದವು. ಒಂದು ದಿನ ಮಾತ್ರ ಫೋನ್ ಬಂತು. ಬಿಳಿ ನುಚ್ಚಿನಿಂದ ಕರಿ ನೊಣದ ಬದಲು ಅದಕ್ಕಿಂತ ಸಣ್ಣದು, ಫಳಫಳ ಹೊಳೆಯುವಂಥದ್ದು ಏನೋ ಬಂದಿದೆ. ಹೋಗಿ ನೋಡಿದೆ. ಕೊಟೇಸಿಯಾ ಹೊರಗೆ ಬರುವಾಗ ಗೂಡಿನ ತುದಿಯನ್ನು ಮುಚ್ಚಳದ ಹಾಗೆ ದುಂಡಗೆ ಕತ್ತರಿಸುತ್ತದೆ. ಈ ಗೂಡುಗಳ ಪಕ್ಕದಲ್ಲಿ ಒರಟು ತೂತು. ಕಣಜದ ಮರಿಯನ್ನೇ ತಿನ್ನುವ ಇನ್ನೊಂದು ಕಣಜ.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಕೋಸಿನ ಬಿಳಿ ಚಿಟ್ಟೆಯ ಹುಳ ಮತ್ತು ಕೊಟೇಸಿಯಾದ ಇನ್ನೊಂದು ಜಾತಿ ಇಟ್ಟುಕೊಂಡು ಇದನ್ನು ನೋಡಿದ್ದಾರೆ, 2018ರಲ್ಲೇ. ಕಣಜದ ವೈರಸ್ ಮತ್ತು ವಿಷ ಸೇರಿದಾಗ ಹುಳದ ಜೊಲ್ಲು ಬದಲಾಗುತ್ತದೆ. ಆ ಜೊಲ್ಲು ತಾಗಿದ ಎಲೆಯ ವಾಸನೆ ಬದಲಾಗುತ್ತದೆ. ಆ ವಾಸನೆ ಹಿಡಿದು ಎರಡನೇ ಕಣಜ ಹುಡುಕಿಕೊಂಡು ಬರುತ್ತದೆ. ಮರಿಯನ್ನು ಕಾಯುವ ವೈರಸ್ಸೇ ಮರಿಯ ವಿಳಾಸವನ್ನೂ ಕೊಡುತ್ತದೆ.

ನಾರಾಯಣಪ್ಪ ಎಲ್ಲ ಕೇಳಿಸಿಕೊಂಡು ಡಬ್ಬಿಯ ಬಟ್ಟೆ ಮತ್ತೆ ಬಿಗಿದರು. "ಇವ್ನ ಎಲ್ ಬಿಡೋದು ಸಾರ್?" ಅಂದರು. ಡಬ್ಬಿಯಲ್ಲಿ ಎರಡೂ ಥರದವು ಬೆರೆತಿದ್ದವು. ಕರಿಯವನ್ನು ಒಂದೊಂದಾಗಿ ಹೊರಗೆ ಬಿಟ್ಟು, ಹೊಳೆಯುವವನ್ನು ಒಳಗೇ ಉಳಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.